ಓದುಗರ ಪ್ರಶ್ನೆಗೆ ಉತ್ತರ: ಒಡೆಯರ ಮೇಲೆ ತಿರುಗಿಬಿದ್ದವನ ಮೂರ್ತಿ

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ನಿವೃತ್ತ ಶಿಕ್ಷಕ. ಮಗ ದಕ್ಷಿಣ ಅಮೆರಿಕದ ಗಯಾನಾ ದೇಶದ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ತೈಲ ಕಂಪನಿಯೊಂದರ ಕೆಲಸದಲ್ಲಿದ್ದಾನೆ. ಬರುವ ಫೆಬ್ರುವರಿಯಲ್ಲಿ ನಾನೂ ನನ್ನ ಮನೆಯವರೂ ಅಲ್ಲಿಗೆ ಹೋಗುವವರಿದ್ದೇವೆ. ಊರಿನಲ್ಲಿ ಗುಲಾಮರ ದಂಗೆಯ ಸ್ಮಾರಕವೊಂದಿದೆಯೆಂದು ಮಗ ಫೋಟೊ ಕಳಿಸಿದ. ಅದನ್ನು ನೋಡಿದ ಮನೆಯವರು ‘ಇದೇನ್ರೀ, ಭೂತದಂಗ ಐತಿ’ ಎಂದರು; ನನಗೂ ಹಾಗೆಯೇ ಅನ್ನಿಸಿತು. ಅದನ್ನು ನೋಡಲೇಬೇಕೆ? ನೋಡುವುದಾದರೆ ಹೇಗೆ ನೋಡಬೇಕು?
- ಓದುಗರೊಬ್ಬರು, ಕೊಪ್ಪಳ

ಉತ್ತರ: ತಮ್ಮ ಮನೆಯವರು ಆಡಿದ ಮಾತನ್ನು ಆ ದೇಶದವರೂ ಆಡಿದ್ದಾರೆ, ಆದ್ದರಿಂದ ಸಂಕೋಚ ಬೇಡ. 1976ರ ಮೇ 23ರಂದು ಅನಾವರಣಗೊಂಡಾಗಿನಿಂದ ಈ ಮೂರ್ತಿಯ ರೂಪದ ಬಗ್ಗೆ ಅಲ್ಲಿ ವಾದ ನಡೆದೇ ಇದೆ. ಆದರೂ ನೋಡಲೇಬೇಕು ಎಂಬುದು ನನ್ನ ಅಭಿಪ್ರಾಯ, ಅದೂ ಒಂದು ಸಲವಲ್ಲ.

ಕ್ರಾಂತಿ ಚೌಕದಲ್ಲಿ ನಿಂತಿರುವ ಇದನ್ನು ಅಲ್ಲಿಯವರು ‘1763ರ ಸ್ಮಾರಕ’ ಎನ್ನುತ್ತಾರೆ. ಆ ವರ್ಷದ ಗುಲಾಮರ ದಂಗೆಯ ನಾಯಕ ಕಫಿಯ ಮೂರ್ತಿಯಿದು. ಕಂಚಿನ ಮೂರ್ತಿಯ ಎತ್ತರ 15 ಅಡಿ, ತೂಕ ಸುಮಾರು ಎರಡೂವರೆ ಟನ್. ಅದನ್ನು ಹೊತ್ತ ಪೀಠ 18 ಅಡಿ. ಮಾಡಿದವರು ಫಿಲಿಪ್ ಮೂರ್ (1921–2012). ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದೆ, ಮರ ಕೆತ್ತುತ್ತ ಕೆತ್ತುತ್ತ ಶಿಲ್ಪಿಯಾದ ಇವರು ದಂಗೆ ನಡೆದ ಬರ್ಬೀಸ್ ಸೀಮೆಯವರೇ. ಮೂರ್ತಿಯ ತುಟಿಗಳು ಮುಂದಕ್ಕೆ ಚಾಚಿಕೊಂಡಿವೆ. ಅದು ‘ನಿನ್ನ ಮಾತು ಕೇಳುವುದಿಲ್ಲ’ ಎನ್ನುವ ಹಟದ ಮುಖ. ಎದೆಯ ಮೇಲೆ ಇನ್ನೊಂದು ಮುಖವಿದೆ, ಅದು ಯುದ್ಧದಲ್ಲಿ ಕಾಯುವ ಎದೆಗವಚ. ತೊಡೆಗಳ ಮೇಲಿರುವ ಮುಖಗಳು ಆ ದೇಶದ ಇತಿಹಾಸದಲ್ಲಿ ತಿರುಗಿಬಿದ್ದ ಇತರರವು.

ಕೈಗಳಲ್ಲಿ ಏನಿದೆ ಎಂಬುದನ್ನು ಮಾತ್ರ ನಿಧಾನವಾಗಿ ನೋಡಬೇಕು. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋದಾಗ ಕೆಳಗಿನಿಂದ ಕಂಡದ್ದು ಎರಡು ಪ್ರಾಣಿಗಳು, ಒಂದು ನಾಯಿ, ಇನ್ನೊಂದು ಹಂದಿ. ದ್ಯಾಮವ್ವನ ಜಾತ್ರೆಗಳನ್ನು ನೋಡುತ್ತ ಬೆಳೆದ ನಾನು ಇದು ಬಲಿಗೆ ತಂದ ಪ್ರಾಣಿಗಳ ಚಿತ್ರವೆಂದೇ ತಿಳಿದು ಹತ್ತು ನಿಮಿಷ ಅದರ ಮೇಲೊಂದು ಸಿದ್ಧಾಂತವನ್ನೂ ಮನಸ್ಸಿನಲ್ಲಿ ಕಟ್ಟಿಬಿಟ್ಟೆ. ಬಿಸಿಲು ಸ್ವಲ್ಪ ಸರಿದ ಮೇಲೆ, ಬೆರಳುಗಳು ಪ್ರಾಣಿಗಳನ್ನು ಎತ್ತಿ ಹಿಡಿದಿಲ್ಲ, ಕತ್ತನ್ನು ಹಿಸುಕುತ್ತಿವೆ ಎಂಬುದು ಕಂಡಿತು. ಹಂದಿ ಅಜ್ಞಾನ, ನಾಯಿ ದುರಾಸೆ. ಎರಡನ್ನೂ ಅವನು ಕೊಲ್ಲುತ್ತಿದ್ದಾನೆ. ಕೈಯಲ್ಲಿ ಕತ್ತಿ ಕೊಟ್ಟಿದ್ದರೆ ಮೂರ್ತಿಗೆ ಒಬ್ಬ ಶತ್ರು ಮಾತ್ರ ಇರುತ್ತಿದ್ದ. ಮೂರ್ ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ.

ಈಗ ಕಥೆಗೆ ಬರೋಣ. 18ನೆಯ ಶತಮಾನದಲ್ಲಿ ಬರ್ಬೀಸ್ ಡಚ್ಚರ ವಸಾಹತು. ನದಿಯ ಎರಡೂ ದಡಗಳಲ್ಲಿ ಸಕ್ಕರೆ, ಕಾಫಿ, ಕೋಕೋ, ಹತ್ತಿಯ ತೋಟಗಳಿದ್ದವು. ಯುರೋಪಿಯನ್ನರು ಸುಮಾರು 350 ಮಂದಿ, ಗುಲಾಮರು ಸುಮಾರು 4,000. 1763ರ ಫೆಬ್ರುವರಿ 23ರಂದು ಕ್ಯಾಂಜಿ ನದಿಯ ಬದಿಯ ಮ್ಯಾಗ್ದಲೆನೆನ್‌ಬರ್ಗ್ ತೋಟದ ಗುಲಾಮರು ಎದ್ದರು. ಕೆಲವೇ ದಿನಗಳಲ್ಲಿ ದಂಗೆ ಬರ್ಬೀಸ್ ನದಿಯ ಉದ್ದಕ್ಕೂ ಹಬ್ಬಿತು. ಲಿಲಿಯನ್‌ಬರ್ಗ್ ತೋಟದಲ್ಲಿ ಪೀಪಾಯಿ ಮಾಡುವ ಬಡಗಿಯಾಗಿದ್ದ ಕಫಿ ನಾಯಕನಾದ. (ಕಫಿ ಎಂದರೆ ಪಶ್ಚಿಮ ಆಫ್ರಿಕದ ಅಕನ್ ಜನರಲ್ಲಿ ಶುಕ್ರವಾರ ಹುಟ್ಟಿದವನಿಗೆ ಇಡುವ ಹೆಸರು, ನಮ್ಮಲ್ಲಿ ಸೋಮವಾರ ಹುಟ್ಟಿದವನನ್ನು ಸೋಮಪ್ಪ ಎಂದ ಹಾಗೆ.) ಡಚ್ ಗವರ್ನರ್ ವಾನ್ ಹೂಗೆನ್‌ಹೈಮ್ ತನ್ನ ನಸ್ಸಾವು ಕೋಟೆಗೆ ತಾನೇ ಬೆಂಕಿ ಹಚ್ಚಿಸಿ ಸಮುದ್ರದ ಕಡೆಗೆ ಹಿಂದೆ ಸರಿಯಬೇಕಾಯಿತು.

ಇಲ್ಲಿಂದ ಮುಂದಿನದು ನನಗೆ ಕಾಳಗಕ್ಕಿಂತ ಮುಖ್ಯವೆನಿಸುತ್ತದೆ. ಕಫಿ ಗವರ್ನರನಿಗೆ ಪತ್ರಗಳನ್ನು ಬರೆಯಿಸಿದ. ಜನರು ಎದ್ದದ್ದಕ್ಕೆ ಕಾರಣರಾದ ಕ್ರೂರ ತೋಟಗಾರರನ್ನು ಹೆಸರಿಸಿದ. ವಸಾಹತನ್ನು ಎರಡು ಪಾಲು ಮಾಡಿ ಒಂದರಲ್ಲಿ ಯುರೋಪಿಯನ್ನರು, ಇನ್ನೊಂದರಲ್ಲಿ ತಾವು ಇರುವ ಪ್ರಸ್ತಾಪ ಮುಂದಿಟ್ಟ. ಮತ್ತೆ ಗುಲಾಮರಾಗುವುದಿಲ್ಲ ಎಂದು ತಿಳಿಸಿದ. ಗವರ್ನರ್ ಉತ್ತರವನ್ನು ಎಳೆಯುತ್ತ, ಹೊರಗಿನಿಂದ ಹಡಗು ಮತ್ತು ಸೈನಿಕರು ಬರುವವರೆಗೆ ಕಾಲ ತಳ್ಳಿದ. ಇತ್ತ ಕಫಿಗೂ ದಂಗೆಯ ಇತರ ಮುಂದಾಳುಗಳಿಗೂ ಒಡಕು ಬಂತು. ಪಕ್ಷಗಳಾದವು, ಕಫಿ ಸೋತು ತನ್ನನ್ನು ತಾನೇ ಗುಂಡಿಟ್ಟುಕೊಂಡು ಸತ್ತ. 1764ರ ಹೊತ್ತಿಗೆ ದಂಗೆಯನ್ನು ಪೂರ್ತಿ ಅಡಗಿಸಲಾಯಿತು. ಸಿಕ್ಕವರಲ್ಲಿ ಕೆಲವರನ್ನು ಸುಟ್ಟು, ಕೆಲವರನ್ನು ಗಾಲಿಗೆ ಕಟ್ಟಿ ಮೂಳೆ ಮುರಿದು ಕೊಂದರು. ಆ ಪತ್ರಗಳು ನೆದರ್‌ಲ್ಯಾಂಡ್ಸ್‌ನ ದಫ್ತರಗಳಲ್ಲಿ ಇಂದಿಗೂ ಉಳಿದಿವೆ. ಸೋತವನ ಮಾತು ಗೆದ್ದವನ ದಫ್ತರದಲ್ಲಿ ಅಷ್ಟರಮಟ್ಟಿಗಾದರೂ ಉಳಿಯುವುದು ಅಪರೂಪ.

ಕೊಪ್ಪಳದವರಾದ ತಮಗೆ ವೀರಗಲ್ಲನ್ನು ಓದುವುದು ಗೊತ್ತಿರುತ್ತದೆ. ಹನುಮಪ್ಪನ ಗುಡಿಯ ಗೋಡೆಗೆ ಒರಗಿಸಿಟ್ಟ, ಎಣ್ಣೆ ಅರಿಸಿನ ಮೆತ್ತಿ ಮುಖವೇ ಸವೆದುಹೋದ ಕಲ್ಲನ್ನು ನಾವು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರ. ಅಲ್ಲಿಯೂ ಪೀಠದ ಸುತ್ತ ಮೂರ್ ಮಾಡಿದ ಕಂಚಿನ ಉಬ್ಬುಫಲಕಗಳಿವೆ. ಮೊದಲು ಅವುಗಳನ್ನು ಸುತ್ತು ಹಾಕಿ ನೋಡಿ, ಆಮೇಲೆ ತಲೆ ಎತ್ತಿ. ಆದರೆ ಒಂದು ದೊಡ್ಡ ಅಂತರವಿದೆ. ನಮ್ಮ ಕಲ್ಲುಗಳಲ್ಲಿ ಹೆಚ್ಚಿನವು ತುರುಗಳಿಗಾಗಿ, ಊರಿಗಾಗಿ, ಇಲ್ಲವೇ ಒಡೆಯನಿಗಾಗಿ ಸತ್ತವರವು. ತಿಂದ ಜೋಳದ ಋಣ ತೀರಿಸುವುದನ್ನು ಜೋಳವಾಳಿ ಎಂದು ಕರೆದು ನಮ್ಮ ಕವಿಗಳು ಅದನ್ನೇ ದೊಡ್ಡ ಗುಣವೆಂದು ಹಾಡಿದರು. ಕಫಿಯದು ಒಡೆಯನ ಮೇಲೆಯೇ ಎದ್ದವನ ಮೂರ್ತಿ. ಕದ್ದು ತಂದು, ಕಟ್ಟಿಹಾಕಿ, ದುಡಿಸಿಕೊಳ್ಳಲೆಂದು ಹಾಕಿದ ಕೂಳಿಗೆ ಯಾವ ಋಣ? ವೀರಗಲ್ಲುಗಳಿಗೆ ಹೊಂದಿಕೊಂಡ ನಮ್ಮ ಕಣ್ಣಿಗೆ ಅವನು ಒರಟನಾಗಿ ಕಾಣುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಪ್ರಯಾಣದ ಕೆಲವು ಮಾತು. ಗಯಾನಾ 1970ರಲ್ಲಿ ಗಣರಾಜ್ಯವಾದಾಗ ಅದಕ್ಕೆ ಆರಿಸಿದ ದಿನ ಫೆಬ್ರುವರಿ 23, ಅಂದರೆ ದಂಗೆ ಎದ್ದ ದಿನ. ಆ ದಿನದ ಉತ್ಸವದ ಹೆಸರು ‘ಮಶ್ರಮನಿ’. ಎಲ್ಲರೂ ಕೂಡಿ ಕೆಲಸ ಮುಗಿಸಿದ ಮೇಲಿನ ಸಂಭ್ರಮ ಎಂಬ ಅರ್ಥದ ಮೂಲನಿವಾಸಿಗಳ ಪದವೆನ್ನುತ್ತಾರೆ. ನಮ್ಮ ಮುಯ್ಯಾಳಿನ ಕೊನೆಯ ಊಟವನ್ನು ನೆನಪಿಸಿಕೊಳ್ಳಿ. ಅಂದು ರಸ್ತೆಗಳು ಕುಣಿತ ಮೆರವಣಿಗೆಗಳಿಂದ ತುಂಬಿರುತ್ತವೆ, ಮೂರ್ತಿಯನ್ನು ನೆಮ್ಮದಿಯಿಂದ ನೋಡಲಾಗದು. ಒಂದೆರಡು ದಿನ ಮೊದಲು ಬೆಳಿಗ್ಗೆ ಒಮ್ಮೆ ಹೋಗಿ, ಹಬ್ಬದ ದಿನ ಇನ್ನೊಮ್ಮೆ ಹೋಗಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಹಳದಿ ಜ್ವರದ ಲಸಿಕೆಯನ್ನು ಮರೆಯಬೇಡಿ: ಗಯಾನಾ ಆ ಜ್ವರವಿರುವ ದೇಶಗಳ ಪಟ್ಟಿಯಲ್ಲಿದೆ, ಪ್ರಮಾಣಪತ್ರವಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗೊತ್ತುಮಾಡಿದ ಕೆಲವೇ ಕೇಂದ್ರಗಳಲ್ಲಿ ಇದನ್ನು ಕೊಡುತ್ತಾರೆ, ಮತ್ತು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ವಯಸ್ಸು 60 ದಾಟಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ಗಯಾನಾದಲ್ಲಿ ಭಾರತೀಯ ಮೂಲದವರು ಬಹಳ ಇದ್ದಾರೆಂದು ಕೇಳಿದ್ದೇನೆ. ಗುಲಾಮರ ದಂಗೆಗೂ ನಮ್ಮವರಿಗೂ ಸಂಬಂಧವಿದೆಯೆ?
- ಓದುಗರೊಬ್ಬರು, ಸಿರುಗುಪ್ಪ

ಉತ್ತರ: 1763ರ ದಂಗೆಗೆ ನೇರ ಸಂಬಂಧವಿಲ್ಲ; 60 ವರ್ಷಗಳ ಅನಂತರದ ಇನ್ನೊಂದಕ್ಕೆ ಇದೆ. 1823ರ ಆಗಸ್ಟ್‌ನಲ್ಲಿ, ಆಗ ಬ್ರಿಟಿಷರ ಕೈಯಲ್ಲಿದ್ದ, ಈಗ ಗಯಾನಾದ ಭಾಗವಾಗಿರುವ ಡೆಮೆರಾರಾದಲ್ಲಿ ಗುಲಾಮರು ಎದ್ದರು. ಅದರ ಮುಂದಾಳುಗಳಾದ ಕ್ವಾಮಿನಾ ಮತ್ತು ಅವನ ಮಗ ಜ್ಯಾಕ್ ದುಡಿಯುತ್ತಿದ್ದ ‘ಸಕ್ಸೆಸ್’ ತೋಟ ಜಾನ್ ಗ್ಲ್ಯಾಡ್‌ಸ್ಟನ್ ಎಂಬ ಧನಿಕನದು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ನರ ತಂದೆ ಈತ. 1834ರಲ್ಲಿ ಗುಲಾಮಗಿರಿ ರದ್ದಾಗಿ ದುಡಿಯುವ ಕೈಗಳು ತಪ್ಪುವ ಸೂಚನೆ ಕಂಡಾಗ, 1836ರಲ್ಲಿ ಕಲ್ಕತ್ತೆಯ ವ್ಯಾಪಾರಿ ಸಂಸ್ಥೆಗೆ ಪತ್ರ ಬರೆದು ಭಾರತದಿಂದ ಕೂಲಿಗಳನ್ನು ಕಳಿಸಲಾದೀತೆ ಎಂದು ಕೇಳಿದವನೂ ಇವನೇ. 1838ರ ಮೇ 5ರಂದು ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಹಡಗುಗಳು ಅಲ್ಲಿಗೆ ತಲುಪಿದವು. 1917ರವರೆಗೆ ಕರಾರಿನ ಮೇಲೆ ಹೋದವರು ಒಟ್ಟು 2,38,000ಕ್ಕೂ ಹೆಚ್ಚು. ಬಹುಪಾಲು ಜನ ಉತ್ತರ ಭಾರತದವರು, ಕಲ್ಕತ್ತೆಯಿಂದ ಹಡಗು ಹತ್ತಿದವರು. ಮದರಾಸಿನಿಂದ ಹೋದವರೂ ಇದ್ದರು. ಅಂದು ತಮ್ಮ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಹಡಗು ಹತ್ತುವಾಗ ಬರೆಯುತ್ತಿದ್ದ ಚೀಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಎಲ್ಲವೂ ಇರುತ್ತಿದ್ದವು. ಹುಡುಕುವ ಹಂಬಲವಿದ್ದವರು ಜಾರ್ಜ್‌ಟೌನ್‌ನ ರಾಷ್ಟ್ರೀಯ ದಫ್ತರಾಲಯದಿಂದಲೇ ಪ್ರಾರಂಭಿಸಬೇಕು. ಅಲ್ಲಿಯ ಭಾರತೀಯರ ಸ್ಮಾರಕ ಉದ್ಯಾನದಲ್ಲಿ ವಿಟ್ಬಿ ಹಡಗಿನ ಮಾದರಿ ಇದೆ. ಕಫಿಯನ್ನು ನೋಡಿದ ದಿನವೇ ಅದನ್ನೂ ನೋಡಿದರೆ, ಒಂದೇ ತೋಟದ ಕಬ್ಬನ್ನು ಮೊದಲು ಕಡಿದವರು ಯಾರು, ಆಮೇಲೆ ಕಡಿದವರು ಯಾರು ಎಂಬುದು ತಿಳಿಯುತ್ತದೆ.

ಪ್ರಶ್ನೆ: ನಮ್ಮ ತಾತ ಎತ್ತಿನ ಸಾಲಕ್ಕಾಗಿ ಹದಿನಾಲ್ಕು ವರ್ಷ ಜೀತಕ್ಕಿದ್ದರು. ಗುಲಾಮಗಿರಿ ಬೇರೆ, ಜೀತ ಬೇರೆ ಎಂದು ಕಾಲೇಜಿನ ಉಪನ್ಯಾಸಕರೊಬ್ಬರು ಹೇಳಿದರು. ನಿಜವೆ?
- ಓದುಗರೊಬ್ಬರು, ಸಿಂಧನೂರು

ಉತ್ತರ: ಕಾನೂನಿನ ಪುಸ್ತಕದಲ್ಲಿ ಬೇರೆ. ಬರ್ಬೀಸ್‌ನ ಗುಲಾಮ ತೋಟದ ಸೊತ್ತು, ಅವನ ಮಕ್ಕಳೂ ಸೊತ್ತು, ಎತ್ತಿನಂತೆ ಮಾರಬಹುದಾಗಿತ್ತು. ಜೀತ ಎಂಬ ಪದವಾದರೋ ‘ಜೀವಿತ’ದ ತದ್ಭವ, ಹಿಂದೆ ಅದಕ್ಕೆ ದುಡಿಮೆಗೆ ಕೊಡುವ ಜೀವನೋಪಾಯ, ಸಂಬಳ ಎಂಬ ಮರ್ಯಾದೆಯ ಅರ್ಥವಿತ್ತು. ಆ ಪದ ಎಲ್ಲಿಂದ ಎಲ್ಲಿಗೆ ಇಳಿಯಿತೆಂಬುದನ್ನು ತಮ್ಮ ತಾತನವರ ಹದಿನಾಲ್ಕು ವರ್ಷಗಳೇ ಹೇಳುತ್ತವೆ. ಬ್ರಿಟಿಷರು ಗುಲಾಮಗಿರಿಯನ್ನು ರದ್ದುಮಾಡಿದ 1833ರ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು, ಆದ್ದರಿಂದ 1800ರಿಂದ ಕಂಪನಿಯ ಕೈಯಲ್ಲಿದ್ದ ಬಳ್ಳಾರಿಗೆ ಅದು ಅನ್ವಯಿಸಲಿಲ್ಲ. 1843ರ ಕಾಯಿದೆ ಬಂದು, ಒಬ್ಬ ಮನುಷ್ಯ ಇನ್ನೊಬ್ಬನ ಸೊತ್ತು ಎಂಬ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದಿತು. ಸಾಲದ ಹಗ್ಗವನ್ನು ಅದು ಮುಟ್ಟಲಿಲ್ಲ. ಆ ಹಗ್ಗವನ್ನು ಕಡಿದದ್ದು 1976ರ ಜೀತ ಪದ್ಧತಿ ರದ್ದತಿ ಕಾಯಿದೆ. ಅದರ ಪ್ರಕಾರ ಜೀತದಾಳು ಬಿಡುಗಡೆಯಾಗುವುದಷ್ಟೇ ಅಲ್ಲ, ಜೀತಕ್ಕೆ ಕಾರಣವಾದ ಸಾಲವೂ ಅಲ್ಲಿಗೆ ತೀರಿತು. ಆ ಸಾಲಕ್ಕೆಂದು ಹಣ ಪಡೆಯುವುದೇ ಅಪರಾಧ. ಕಫಿಯ ಮೂರ್ತಿ ಎದ್ದದ್ದೂ ಅದೇ 1976ರಲ್ಲಿ. ಇದು ಕೇವಲ ಕಾಕತಾಳೀಯ, ಆದರೂ ನನಗೆ ಆ ಇಸವಿಯನ್ನು ಓದಿದಾಗಲೆಲ್ಲ ಎರಡೂ ಒಟ್ಟಿಗೇ ನೆನಪಾಗುತ್ತವೆ. ತಾತನವರು ಹೇಳಿದ್ದನ್ನು ಊರು, ವರ್ಷ, ಸಾಲದ ಮೊತ್ತದ ಸಮೇತ ಬರೆದಿಡಿ. ಅವರ ಪರವಾಗಿ ಪತ್ರ ಬರೆಯಿಸಿದ ಕಫಿ ನಮ್ಮಲ್ಲಿ ಇರಲಿಲ್ಲ.

ಪ್ರಶ್ನೆ: ಇಂಥ ಸ್ಮಾರಕಕ್ಕೆ ಹೂಮಾಲೆ ಹಾಕಬಹುದೆ? ಕಾಯಿ ಒಡೆಯಬಹುದೆ?
- ಓದುಗರೊಬ್ಬರು, ಗಂಗಾವತಿ

ಉತ್ತರ: ಮಾಲೆ ಹಾಕಬೇಕೆಂದರೆ 33 ಅಡಿ ಏರಬೇಕು. ಬಿಡಿ ಹೂಗಳನ್ನು ಪೀಠದ ಬುಡದಲ್ಲಿ ಇಡಿ, ಯಾರೂ ಬೇಡವೆನ್ನುವುದಿಲ್ಲ. ಕಾಯಿ ಬೇಡ. ಆಫ್ರಿಕನ್ ಮೂಲದವರು ಪೂರ್ವಿಕರನ್ನು ನೆನೆಯುತ್ತ ನೆಲಕ್ಕೆ ನೀರನ್ನೋ ಮದ್ಯವನ್ನೋ ಎರೆಯುವುದುಂಟು, ನಮ್ಮ ತರ್ಪಣದಂತೆ. ಅದು ನಡೆಯುತ್ತಿದ್ದರೆ ಫೋನನ್ನು ಜೇಬಿಗಿಟ್ಟು, ಸ್ವಲ್ಪ ಹಿಂದೆ ಸರಿದು ನಿಂತುಕೊಳ್ಳಿ.