ಲೀನಿಯರ್ ಎನ್ವೆಲಪ್ಪನ್ನು ಬಾಗಿಸಲು ಎರಡು ವಿಸಿಎ ಸಾಕೇ?

ಸಾಕು. ನಿಮ್ಮ ಮಾಡ್ಯುಲರ್ ಸಿಂಥಸೈಜರ್‌ನ ಎನ್ವೆಲಪ್ (ಸದ್ದಿನ ಏರಿಳಿತ ನಿಯಂತ್ರಿಸುವ ವೋಲ್ಟೇಜ್) ನೇರ ಗೆರೆಯಲ್ಲಿ ಇಳಿಯುತ್ತದೆ, ಬಾಗು ಬೇಕು ಎಂದು ಕೇಳಿದ್ದೀರಿ. ಅದಕ್ಕೆಂದೇ ಇನ್ನೊಂದು ಮಾಡ್ಯೂಲ್ ಕೊಳ್ಳಬೇಡಿ. ಲೀನಿಯರ್ ವಿಸಿಎ (ವೋಲ್ಟೇಜ್‌ನಿಂದ ನಿಯಂತ್ರಿಸುವ ಆಂಪ್ಲಿಫೈಯರ್) ಎಂದರೆ ಗುಣಾಕಾರದ ಯಂತ್ರ, ಅಷ್ಟೇ. 5 ವೋಲ್ಟ್ ಸಿವಿಗೆ (ನಿಯಂತ್ರಕ ವೋಲ್ಟೇಜ್‌ಗೆ) ಗೇನ್, ಅಂದರೆ ವರ್ಧನೆ, 1 ಆಗುವ ವಿಸಿಎಯಲ್ಲಿ (ಮ್ಯೂಟಬಲ್ ಕಂಪನಿಯ ವೇಯ್ಲ್ಸ್ ಹಾಗಿದೆ, ಕರ್ವ್ ನಾಬನ್ನು ಲೀನಿಯರ್ ಕಡೆಗೆ ತಿರುಗಿಸಿ) ಔಟ್‌ಪುಟ್ = ಇನ್‌ಪುಟ್ × ಸಿವಿ ÷ 5.

ಎನ್ವೆಲಪ್ಪನ್ನು ಮಲ್ಟ್ ಮಾಡಿ (ಒಂದೇ ಸಿಗ್ನಲ್ಲನ್ನು ಎರಡು ಕಡೆ ಹಂಚಿ) ಒಂದೇ ವಿಸಿಎಯ ಇನ್‌ಪುಟ್‌ಗೂ ಸಿವಿಗೂ ಹಾಕಿ. ವರ್ಗ ಸಿಗುತ್ತದೆ: 5 ಇದ್ದದ್ದು 5 ಆಗಿಯೇ ಉಳಿಯುತ್ತದೆ, 4 ಹೋಗಿ 3.2, 2.5 ಹೋಗಿ 1.25, 1 ಹೋಗಿ 0.2. ಡಿಕೇ (ಇಳಿತ) ಮೊದಲು ಬೇಗ ಬಿದ್ದು ಕೊನೆಗೆ ನಿಧಾನವಾಗುತ್ತದೆ. ಆ ಔಟ್‌ಪುಟ್ಟನ್ನು ಎರಡನೇ ವಿಸಿಎಗೆ ಕೊಟ್ಟು, ಅದರ ಸಿವಿಗೆ ಮೂಲ ಎನ್ವೆಲಪ್ಪನ್ನೇ ಹಾಕಿದರೆ ಘನ, 2.5 ಈಗ 0.625. ತಾಳವಾದ್ಯದಂಥ ಸದ್ದಿಗೆ ನನ್ನ ಆಯ್ಕೆ ಇದೇ.

ಉಲ್ಟಾ ಬಾಗು, ಅಂದರೆ ಮೊದಲು ನಿಧಾನ, ಕೊನೆಗೆ ಧಡಕ್ಕನೆ ಬೀಳುವುದು ಬೇಕಿದ್ದರೆ ಮೂಲವನ್ನು ಮಿಕ್ಸರ್‌ನ ಎರಡು ಚಾನೆಲ್‌ಗೆ ಕೊಟ್ಟು, ಮೂರನೆಯದರಲ್ಲಿ ವರ್ಗವನ್ನು ಇನ್ವರ್ಟ್ ಮಾಡಿ (ಚಿಹ್ನೆ ತಿರುಗಿಸಿ) ಸೇರಿಸಿ. 2.5ಕ್ಕೆ 3.75 ಬರುತ್ತದೆ, 5ಕ್ಕೆ 5.

ನೇರ ಗೆರೆಗೂ ವರ್ಗಕ್ಕೂ ನಡುವಿನದು ಬೇಕೆ? ವಿಸಿಎಯ ಬಯಾಸ್ ನಾಬನ್ನು (ಸಿವಿ ಇಲ್ಲದಾಗಲೂ ಇರುವ ಗೇನ್ ಇದರದ್ದು) ಅರ್ಧ ಗೇನ್‌ಗೆ ತನ್ನಿ, ಸಿವಿ ಅಟೆನ್ಯುಯೇಟರನ್ನೂ (ಮಟ್ಟ ತಗ್ಗಿಸುವ ನಾಬ್) ಅರ್ಧಕ್ಕಿಳಿಸಿ. ಶುದ್ಧ ವರ್ಗ ಬೇಕಾದಾಗ ಮಾತ್ರ ಬಯಾಸ್ ಸೊನ್ನೆಯಲ್ಲೇ ಇರಲಿ.

ಕೆಡುವುದು ಹೆಚ್ಚಾಗಿ ಮಟ್ಟದಲ್ಲಿ. ಮ್ಯಾಥ್ಸ್ ಮಾಡ್ಯೂಲ್‌ನ ಎನ್ವೆಲಪ್ 8 ವೋಲ್ಟ್ ತನಕ ಏರುತ್ತದೆ. ಹಾಗೇ ಹಾಕಿದರೆ ಲೆಕ್ಕಕ್ಕೆ 12.8 ವೋಲ್ಟ್, ಅಂದರೆ ತುದಿ ಕತ್ತರಿಸಿ ಚಪ್ಪಟೆ. ಮಲ್ಟ್‌ಗೆ ಮುಂಚೆಯೇ 5ಕ್ಕೆ ಇಳಿಸಿ. ಪ್ಯಾಸಿವ್ ಮಲ್ಟ್ (ಬರೀ ತಂತಿಯಿಂದ ಹಂಚುವುದು) ನಡೆಯುತ್ತದೆ: 1 ಕಿಲೋಓಮ್ ಔಟ್‌ಪುಟ್ ಮೇಲೆ ತಲಾ 100 ಕಿಲೋಓಮ್‌ನ ಎರಡು ಇನ್‌ಪುಟ್ ಬಿದ್ದರೆ 5 ವೋಲ್ಟ್ 4.9 ಆಗುತ್ತದೆ, ವರ್ಗದ ತುದಿ ಸುಮಾರು 4.8. ಫಿಲ್ಟರ್‌ಗೆ ಇದು ಗೊತ್ತೇ ಆಗದು. ಎಕ್ಸ್‌ಪೊನೆನ್ಶಿಯಲ್ ವಿಸಿಎಯಲ್ಲಿ ಈ ಲೆಕ್ಕ ಯಾವುದೂ ನಡೆಯದು. ಎಸಿ ಕಪಲ್ಡ್ (ಸ್ಥಿರ ವೋಲ್ಟೇಜನ್ನು ತಡೆಯುವ ವಿಸಿಎ) ಆದರೆ ಎನ್ವೆಲಪ್ ಉಳಿಯುವುದೇ ಇಲ್ಲ. ಇನ್‌ಪುಟ್‌ಗೂ ಸಿವಿಗೂ ಸ್ಥಿರ 5 ವೋಲ್ಟ್ ಕೊಟ್ಟು ಮಲ್ಟಿಮೀಟರ್ ಹಿಡಿಯಿರಿ, ಔಟ್‌ಪುಟ್ ಸೊನ್ನೆಗೆ ಜಾರಿದರೆ ಅದು ಈ ಕೆಲಸಕ್ಕಲ್ಲ.

ಎಲ್‌ಎಫ್‌ಒನಂತೆ (ನಿಧಾನದ ಅಲೆ ಹುಟ್ಟಿಸುವ ಮಾಡ್ಯೂಲ್) ±5 ವೋಲ್ಟ್ ಸಿಗ್ನಲ್ ಆದರೆ ಕಥೆ ಬೇರೆ. ಮಾಮೂಲಿ ವಿಸಿಎ ಋಣ ಸಿವಿಗೆ ಮುಚ್ಚಿಕೊಳ್ಳುವುದರಿಂದ ಅರ್ಧ ಅಲೆ ಮಾಯ. ಮ್ಯೂಟಬಲ್‌ನ ಬ್ಲೈಂಡ್ಸ್ ಅಥವಾ ಡೋಪ್ಫರ್ ಎ-133ರಂಥ ಫೋರ್-ಕ್ವಾಡ್ರಂಟ್ ಗುಣಕ (ಋಣ ಸಿವಿಯನ್ನೂ ಚಿಹ್ನೆ ಸಮೇತ ಗುಣಿಸುವಂಥದ್ದು) ಬಳಸಿದರೂ ವರ್ಗ ಯಾವಾಗಲೂ ಧನವೇ: ಸೈನ್ ಕೊಟ್ಟರೆ ಎರಡರಷ್ಟು ಆವರ್ತನದ ಸೈನ್, 2.5 ವೋಲ್ಟ್ ಮೇಲೆ ಕೂತು ಬರುತ್ತದೆ. ಆಡಿಯೊದಲ್ಲಿ ಅದು ಒಂದು ಆಕ್ಟೇವ್ ಮೇಲಿನ ಸ್ವರ. ಚಿಹ್ನೆ ಉಳಿಸಿಕೊಂಡೇ ಬಾಗಿಸಬೇಕಿದ್ದರೆ ಸಿಗ್ನಲ್ಲನ್ನೂ ಅದರ ಇನ್ವರ್ಟನ್ನೂ (ಡೋಪ್ಫರ್‌ನ ಇನ್ವರ್ಟರ್ ಎ-175 ಬಳಸಿ) ಅವರದೇ ಎ-172ಕ್ಕೆ ಹಾಕಿ ಮ್ಯಾಕ್ಸಿಮಮ್, ಅಂದರೆ ಎರಡರಲ್ಲಿ ದೊಡ್ಡದು, ತೆಗೆಯಿರಿ, ಅದನ್ನು ಸಿವಿಗೆ ಕೊಡಿ, ಇನ್‌ಪುಟ್‌ಗೆ ಮೂಲ. ಸಿವಿ ಎಂದೂ ಋಣವಾಗದ ಕಾರಣ ನಿಮ್ಮಲ್ಲಿರುವ ಮಾಮೂಲಿ ವಿಸಿಎಯೇ ಇದನ್ನು ಮಾಡುತ್ತದೆ. ಜಾಯ್‌ಸ್ಟಿಕ್‌ನಿಂದ ಪಿಚ್ ಬಾಗಿಸುವವರಿಗೆ ಇದು ವಿಶೇಷವಾಗಿ ಒಗ್ಗುತ್ತದೆ, ನಡುವಿನ ಹತ್ತಿರ ಕೈ ನಡುಗಿದರೂ ಶ್ರುತಿ ಅಷ್ಟಾಗಿ ಅಲುಗದು.