ಓದುಗರ ಪ್ರಶ್ನೆ: ಯಾಮಾಶಿತಾ ಶರಣಾದದ್ದು ಕಿಯಾಂಗನ್‌ನಲ್ಲೋ, ಬಾಗಿಯೊದಲ್ಲೋ?

ಪ್ರಶ್ನೆ: ಎರಡನೇ ಮಹಾಯುದ್ಧದ ಕೊನೆಗೆ ಜಪಾನಿನ ಜನರಲ್ ಯಾಮಾಶಿತಾ ಶರಣಾದದ್ದು ಫಿಲಿಪ್ಪೀನ್ಸ್‌ನ ಕಿಯಾಂಗನ್ ಎಂಬಲ್ಲಿ ಎಂದು ಒಂದು ಕಡೆ, ಬಾಗಿಯೊದಲ್ಲಿ ಎಂದು ಇನ್ನೊಂದು ಕಡೆ ಓದಿದೆ. ತಾರೀಖಿನಲ್ಲೂ ಒಂದು ದಿನದ ವ್ಯತ್ಯಾಸವಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಬೆಟ್ಟ ಇಳಿದು ಬಂದು ಅಮೆರಿಕನ್ನರ ಕೈಗೆ ಒಪ್ಪಿಸಿಕೊಂಡದ್ದು 1945ರ ಸೆಪ್ಟೆಂಬರ್ 2ರಂದು, ಕಿಯಾಂಗನ್‌ನಲ್ಲಿ. ಟೋಕಿಯೊ ಕೊಲ್ಲಿಯಲ್ಲಿ ಮಿಸೌರಿ ಹಡಗಿನ ಮೇಲೆ ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದೂ ಅದೇ ದಿನ. ಯಾಮಾಶಿತಾನ ಶರಣಾಗತಿಯ ಕಾಗದಕ್ಕೆ ಸಹಿ ಬಿದ್ದದ್ದು ಮರುದಿನ, ಬಾಗಿಯೊದ ಕ್ಯಾಂಪ್ ಜಾನ್ ಹೇಯಲ್ಲಿದ್ದ ಅಮೆರಿಕದ ಹೈಕಮಿಷನರ್ ನಿವಾಸದಲ್ಲಿ. ಸಹಿಯ ವೇಳೆ ಬ್ರಿಟನ್ನಿನ ಜನರಲ್ ಪರ್ಸಿವಲ್ ಕೂಡ ಆ ಕೋಣೆಯಲ್ಲಿದ್ದರು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಇದೇ ಯಾಮಾಶಿತಾನಿಗೆ ಶರಣಾಗಿದ್ದವರು ಅವರೇ. ಅವರನ್ನು ಅಲ್ಲಿಗೆ ಸುಮ್ಮನೆ ಕರೆಸಿರಲಿಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಫಿಲಿಪ್ಪೀನ್ಸ್ 2019ರಲ್ಲಿ ಕಾನೂನು ಮಾಡಿ ಸೆಪ್ಟೆಂಬರ್ 3ನ್ನು ಶರಣಾಗತಿಯ ದಿನವೆಂದು ಗುರುತಿಸಿತು. ಎರಡು ತಾರೀಖುಗಳ ಗೊಂದಲ ಇದರಿಂದ ಇನ್ನಷ್ಟು ಗಟ್ಟಿಯಾಯಿತು. ಮನಿಲಾದಲ್ಲಿ ಯುದ್ಧಾಪರಾಧದ ವಿಚಾರಣೆ ನಡೆದು, 1946ರ ಫೆಬ್ರವರಿ 23ರಂದು ಲಾಸ್ ಬಾನ್ಯೋಸ್‌ನಲ್ಲಿ ಯಾಮಾಶಿತಾನನ್ನು ಗಲ್ಲಿಗೇರಿಸಲಾಯಿತು.

ಪ್ರಶ್ನೆ: ಅಷ್ಟು ದೊಡ್ಡ ಸೈನ್ಯ ಆ ಮೂಲೆಯ ಬೆಟ್ಟಕ್ಕೆ ಹೋಗಿ ಸೇರಿದ್ದು ಏಕೆ?

ಉತ್ತರ: ಗೆಲ್ಲಲು ಅಲ್ಲ, ಕಾಲ ತಳ್ಳಲು. 1945ರ ಜನವರಿಯಲ್ಲಿ ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದ ಉತ್ತರ ಭಾಗದಲ್ಲಿ ಆತನ ಕೈಕೆಳಗೆ ಸುಮಾರು 1,52,000 ಮಂದಿ ಇದ್ದರು. ಅಮೆರಿಕದ ಪಡೆಗಳನ್ನು ಆದಷ್ಟು ದಿನ ಅಲ್ಲೇ ಕಟ್ಟಿಹಾಕಿದರೆ ಜಪಾನಿನ ಮೇಲಿನ ದಾಳಿ ಮುಂದಕ್ಕೆ ಹೋಗುತ್ತದೆ ಎಂಬುದು ಲೆಕ್ಕ. ಕಡಿದಾದ ಬೆಟ್ಟದಲ್ಲಿ ಟ್ಯಾಂಕು ಏರುವುದಿಲ್ಲ, ಮಳೆಗಾಲದಲ್ಲಿ ರಸ್ತೆಯೇ ಜಾರಿಹೋಗುತ್ತದೆ. ಆದರೆ ಅನ್ನ ಬರಬೇಕಾಗಿದ್ದದ್ದು ಕೆಳಗಿನ ಕಗಾಯಾನ್ ಕಣಿವೆಯಿಂದ. ಜೂನ್‌ನಲ್ಲಿ ಬಗಬಾಗ್ ಎಂಬ ಊರು ಕೈತಪ್ಪಿದಾಗ ಆ ದಾರಿ ಕಡಿದುಹೋಯಿತು. ಜುಲೈ 12ಕ್ಕೆ ಅಮೆರಿಕದ 6ನೇ ಡಿವಿಷನ್ ಕಿಯಾಂಗನ್ ಹಿಡಿಯಿತು. ಉಳಿದವರು ಇನ್ನೂ ಮೇಲಕ್ಕೆ, ಆಸಿನ್ ಕಣಿವೆಗೆ ಸರಿದರು. ಅಲ್ಲಿ ಗುಂಡಿಗಿಂತ ಹಸಿವು ಮತ್ತು ಕಾಯಿಲೆಗೆ ಸತ್ತವರೇ ಬಹಳ. ವರ್ಷಕ್ಕೆ ಒಂದೇ ಬೆಳೆ ಕೊಡುವ ಮೆಟ್ಟಿಲು ಗದ್ದೆ ಅಲ್ಲಿನ ಇಫುಗಾವೊ ಜನರ ಮನೆಗಳಿಗೆ ಸಾಕಾಗಬಹುದು, ಸೈನ್ಯಕ್ಕೆ ಎಲ್ಲಿ ಸಾಕು? ಊರವರ ಕಣಜ ಬರಿದಾದ ಸಂಗತಿಯನ್ನು ಯುದ್ಧದ ನಕ್ಷೆಗಳು ತೋರಿಸುವುದಿಲ್ಲ.

ಪ್ರಶ್ನೆ: ಅಲ್ಲಿಗೆ ಹೋಗುವುದು ಹೇಗೆ? ನೋಡಲು ಏನಿದೆ?

ಉತ್ತರ: ಕಿಯಾಂಗನ್ ಒಂದು ಮುನಿಸಿಪಾಲಿಟಿ; ಹಾಗೆಂದಾಕ್ಷಣ ಪೇಟೆಯನ್ನು ಕಲ್ಪಿಸಿಕೊಳ್ಳಬೇಡಿ. ಒಬ್ಬ ಮೇಯರ್, ಅವರ ಕೆಳಗೆ ಬಾರಂಗಾಯ್ ಎಂಬ ಹಳ್ಳಿ ಘಟಕಗಳು, ನಡುವೆಲ್ಲ ಬೆಟ್ಟ. ಮನಿಲಾದಿಂದ ಬನಾವೆಗೆ ಹೋಗುವ ರಾತ್ರಿ ಬಸ್ಸು ಹತ್ತಿ ಇಫುಗಾವೊ ಪ್ರಾಂತ್ಯದ ರಾಜಧಾನಿ ಲಗಾವೆಯಲ್ಲಿ ಇಳಿಯಿರಿ. ನಿದ್ದೆ ಹೋದರೆ ಬನಾವೆಗೇ ತಲುಪುತ್ತೀರಿ, ಡ್ರೈವರ್‌ಗೆ ಮೊದಲೇ ಹೇಳಿಡಿ. ಲಗಾವೆಯಿಂದ ಕಿಯಾಂಗನ್‌ಗೆ ಜೀಪ್ನಿ, ಅಂದರೆ ಜೀಪಿನಂಥ ಬಾಡಿಗೆ ಬಂಡಿ.

ಯುದ್ಧ ಸ್ಮಾರಕ ದೂರದಿಂದಲೇ ಕಾಣುತ್ತದೆ: ಇಫುಗಾವೊ ಮನೆಯ ಚೂಪು ಮಾಡಿನ ಆಕಾರದ ಕಾಂಕ್ರೀಟ್ ಕಟ್ಟಡ, 1970ರ ದಶಕದ್ದು. ಫೋಟೊ ತೆಗೆಸಿಕೊಂಡು ಶರಣಾದ ಜಾಗ ಇದೇ ಎಂದುಕೊಂಡು ಮರಳಬೇಡಿ. ಆ ಜಾಗ ಕಿಯಾಂಗನ್ ಸೆಂಟ್ರಲ್ ಶಾಲೆಯ ಆವರಣದಲ್ಲಿದೆ. ಅಲ್ಲಿ ತರಗತಿ ನಡೆಯುತ್ತದೆ, ಕೇಳಿಯೇ ಒಳಗೆ ಹೋಗಿ.

ಸಮಯವಿದ್ದರೆ ನಗಕಾದನ್ ಗದ್ದೆಗಳನ್ನು ಬಿಡಬೇಡಿ. ನಡುವೆ ಹೊಳೆ, ಎರಡೂ ಬದಿ ಮೇಲೇರುವ ಮೆಟ್ಟಿಲು ಸಾಲು. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಐದು ಗದ್ದೆ ಸಮೂಹಗಳಲ್ಲಿ ಇದೂ ಒಂದು. 2001ರಿಂದ 2012ರವರೆಗೆ ಅಪಾಯದ ಪಟ್ಟಿಯಲ್ಲೂ ಇತ್ತು.

ಪ್ರಶ್ನೆ: ಆ ಮೆಟ್ಟಿಲು ಗದ್ದೆಗಳ ಗೋಡೆಗಳು ಕುಸಿಯುವುದು ಏಕೆ?

ಉತ್ತರ: ನೀರು ಹೆಚ್ಚಾದರಷ್ಟೇ ಅಲ್ಲ, ನೀರು ನಿಲ್ಲದಿದ್ದರೂ. ಗದ್ದೆ ಪಾಳುಬಿದ್ದು ಒಣಗಿದರೆ ಜೇಡಿ ಬಿರಿಯುತ್ತದೆ. ಮುಂದಿನ ಮಳೆ ಆ ಬಿರುಕಿಗೇ ಇಳಿದು ಗೋಡೆಯ ಬೆನ್ನಿಗೆ ಒತ್ತುತ್ತದೆ. ಮೊದಲು ನಡುವಿನ ಕಲ್ಲು ಹೊಟ್ಟೆ ಉಬ್ಬಿದಂತೆ ಮುಂದೆ ಬರುತ್ತದೆ, ಆಮೇಲೆ ಇಡೀ ಗೋಡೆ ಕೆಳಗಿನ ಗದ್ದೆಯ ಮೇಲೆ. ದೊಡ್ಡ ಎರೆಹುಳುಗಳು ಕೊರೆದ ಬಿಲಗಳೂ ಇದಕ್ಕೆ ಸೇರುತ್ತವೆ. ಉಬ್ಬನ್ನು ಒಳಕ್ಕೆ ಬಡಿದು ಕೂರಿಸಿದರೆ ನಿಲ್ಲುವುದಿಲ್ಲ. ಬುಡದವರೆಗೆ ಬಿಚ್ಚಿ, ದಪ್ಪ ಕಲ್ಲು ಕೆಳಗಿಟ್ಟು, ಗೋಡೆಯನ್ನು ತುಸು ಒಳಕ್ಕೆ ವಾಲಿಸಿ, ಹಿಂದೆ ಜಲ್ಲಿ ತುಂಬಿ ಏರಿಸಬೇಕು. ಗದ್ದೆಯ ಮೇಲ್ಭಾಗದ ಮುಯೋಂಗ್ ಕಾಡು ಉಳಿದರೆ ಗದ್ದೆಗೆ ನೀರುಣಿಸುವ ತೊರೆಯೂ ಉಳಿದೀತು. ಬದುವಿನ ಮೇಲೆ ನಡೆಯುವಾಗ ಅಂಚಿನ ಕಲ್ಲಿಗೆ ಕಾಲಿಡಬೇಡಿ.

ಪ್ರಶ್ನೆ: ಯಾಮಾಶಿತಾ ಅಲ್ಲಿ ಚಿನ್ನ ಹೂತಿಟ್ಟನೆಂಬ ಮಾತಿದೆಯಲ್ಲ, ಅದು ನಿಜವೇ?

ಉತ್ತರ: ಇದೆಯೆಂದು ಯಾರೂ ಸಾಬೀತು ಮಾಡಿಲ್ಲ. ಸರ್ಕಾರದ ಪರವಾನಗಿ ಇಲ್ಲದೆ ನಿಧಿಗಾಗಿ ಅಗೆಯುವುದು ಅಪರಾಧ. ಗುದ್ದಲಿಗೆ ಸಿಡಿಯದ ಶೆಲ್ ತಗುಲೀತು. ಅಂಥದ್ದು ಕಂಡರೆ ಮುಟ್ಟದೆ, ಗುರುತು ಇಟ್ಟುಕೊಂಡು, ಬಂದ ದಾರಿಯಲ್ಲೇ ಹಿಂದೆ ನಡೆದು ಪೊಲೀಸರಿಗೆ ತಿಳಿಸಿ.