ಕಪ್ಪತಗುಡ್ಡದ ಪ್ರವಾಸದಲ್ಲಿ ಎಲೆ, ಕಲ್ಲಿನ ಚಿತ್ರ

ಮೇಡಂ, ಆರನೇ ತರಗತಿಯ 40 ಮಕ್ಕಳನ್ನು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಕರೆದೊಯ್ದು, ಎಲೆ, ಕಲ್ಲಿನಿಂದ ನೆಲದ ಮೇಲೆ ಚಿತ್ರ ಮಾಡಿಸಬಹುದಾ, ಅಂಟು ಒಯ್ಯಬೇಕಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಸಿ. ಆದರೆ ಗುಡ್ಡದ ಮೇಲೆ ಬೇಡ. ಅದು 2019ರಿಂದ ವನ್ಯಜೀವಿಧಾಮ, ಅಲ್ಲಿ ಗಿಡ ಕೀಳುವ ಹಾಗಿಲ್ಲ. ಗುಡ್ಡ ನೋಡಿ ಇಳಿದ ಮೇಲೆ, ಕೆಳಗೆ ಯಾರದಾದರೂ ಬೀಳು ಹೊಲದಲ್ಲಿ, ಅವರನ್ನು ಕೇಳಿಕೊಂಡು ಕೂರಿಸಿ.

ಅಂಟು ಬೇಡವೇ ಬೇಡ. ಬ್ರಿಟನ್ನಿನ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಎಲೆಗಳನ್ನು ಮುಳ್ಳು ಚುಚ್ಚಿಯೇ ಜೋಡಿಸುತ್ತಾರೆ. ನಮ್ಮಲ್ಲಿ ಮುತ್ತಲ ಎಲೆಯ ಪತ್ರಾವಳಿ ಹಚ್ಚುವುದೂ ಹಾಗೇ ಅಲ್ವಾ, ಕಡ್ಡಿ ಚುಚ್ಚಿ? ಅದನ್ನೇ ಮಕ್ಕಳಿಗೆ ತೋರಿಸಿ.

ಸುಮ್ನೆ 'ಏನಾದರೂ ಮಾಡಿ' ಅಂದರೆ ಎಲ್ಲರೂ ಮನೆ, ಸೂರ್ಯ ಮಾಡಿ ಮುಗಿಸುತ್ತಾರೆ. ಒಂದೇ ಗಿಡದ ಉದುರಿದ ಎಲೆ ಆರಿಸಿ ಬಣ್ಣದ ಪ್ರಕಾರ ಇಡಲು ಹೇಳಿ. ನಮ್ಮ ಶಾಲೆಯ ಹುಡುಗಿಯೊಬ್ಬಳು ಬಾದಾಮಿ ಗಿಡದ ಎಲೆಗಳನ್ನು ಹಸಿರು, ಹಳದಿ, ಕೆಂಪು, ಕಂದು ಅಂತ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿದಳು. ಗಾಳಿಗೆ ಎರಡು ಎಲೆ ಹಾರಿದವು. ಯಾರೂ ಹೇಳದೆ, ಪ್ರತಿ ತೊಟ್ಟಿನ ಮೇಲೂ ಒಂದೊಂದು ಕೆಂಪು ಹರಳು ಇಟ್ಟಳು. ಚಿತ್ರ ಇನ್ನೂ ಚೆಂದ ಕಂಡಿತು!

ಕಾಂಗ್ರೆಸ್ ಕಸ ಮುಟ್ಟಿಸಬೇಡಿ, ಮೈ ತುರಿಸುತ್ತದೆ. ಆಷಾಢದಲ್ಲಿ ಮಾಡುವ ಮಣ್ಣಿನ ಗೊಂಬೆ ಗುಳ್ಳವ್ವನಿಗೆ ಹಚ್ಚುವ ಗುಲಗಂಜಿ ಬೀಜ ಸಿಕ್ಕರೆ ಮಕ್ಕಳು ಬಿಡುವುದಿಲ್ಲ, ಆದರೆ ಅಗಿದರೆ ಅದು ವಿಷ. ದೊಡ್ಡ ಕಲ್ಲನ್ನು ಮೊದಲು ಕೋಲಿನಿಂದ ಸರಿಸಲಿ, ಅಡಿಯಲ್ಲಿ ಚೇಳು ಇರಬಹುದು.